ಹೊಸ ದೀಪ ಮತ್ತು ನನ್ನ ಹೇರ್‌ಪಿನ್ನು

ರೀ,

ವ್ಯಾನು ಬಿಟ್ಟು ಬಸ್ಸಿಗೆ ಹೋಗುತ್ತಿದ್ದೇನೆ. ಹೊಸ ದೀಪಗಳ ವೈರು ಕಾದು ಸೀಟಿನಡಿಯ ಚಾಪೆ ಕರಕಲಾಗಿದೆ. ಫ್ಯೂಸು ಪದೇಪದೇ ಸುಡುತ್ತದೆಂದು ಅದರ ಜಾಗಕ್ಕೆ ನನ್ನ ಹೇರ್‌ಪಿನ್ನು ಸಿಕ್ಕಿಸಿದ್ದೀರಲ್ಲ! ವಾರದಿಂದ ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದೆ.

ಮಂಜಿನಲ್ಲಿ ನನಗೆ ದಾರಿ ಕಾಣಲೆಂದೇ ದೀಪ ಹಾಕಿದಿರಿ, ಗೊತ್ತು. ಆದರೂ ಮೊದಲು ಬ್ಯಾಟರಿ ಕಳಚಿ. ದೀಪದ ವೈರನ್ನು ಹಾರನ್ನಿನ ಹಳೇ ವೈರಿಗೆ ಗಂಟು ಹಾಕಿದ್ದು ಸಾಕು. ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆದು, ಅದರ ಬುಡದಲ್ಲೇ ಸರಿಯಾದ ಫ್ಯೂಸು ಕೂರಿಸಿ. ದೀಪದ ಭಾರವೆಲ್ಲ ಸ್ವಿಚ್ಚಿನ ಮೇಲೆ ಬೀಳದಂತೆ ರಿಲೇ ತಂದು ಕಿಟಕಿಯಲ್ಲಿಟ್ಟಿದ್ದೇನೆ. “ನಂಗೊತ್ತಿಲ್ವೇನೇ?” ಅನ್ನಬೇಡಿ, ಕೇಳಿ ಕೇಳಿ ಸುಸ್ತಾಗಿದೆ.

ಊಟ ಮುಚ್ಚಿಟ್ಟಿದ್ದೇನೆ, ಉಂಡು ಶುರುಮಾಡಿ.

ನಿನ್ನೆ ಆ ಸೀಟಿನ ಮೇಲೆ ಮಗಳು ನಿದ್ದೆ ಹೋಗಿದ್ದಳು. ಎತ್ತಿಕೊಂಡಾಗ ಅವಳ ಫ್ರಾಕು ಬಿಸಿಯಾಗಿತ್ತು.