ದೊಡ್ಡ ಗಂಟೆ ಎಳೆದವಳು

ಸೆಪ್ಟೆಂಬರ್ ೨೮, ೧೯೧೯. ಭಾನುವಾರ

ಚೀಸುಗಳನ್ನೆಲ್ಲ ಮಗುಚಿ, ಉಪ್ಪು ಸವರಿ, ಕೈ ತೊಳೆದು ಓಡಿದೆ. ಎಂದಿನ ಹಾಗೆ ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ. ಚರ್ಚಿನ ಗಂಟೆ ಗೋಪುರದ ಬಾಗಿಲಲ್ಲಿ ಐಸಾಕ್ ಟರ್ವಿ ಅಡ್ಡ ನಿಂತಿದ್ದ. ನನಗೆ ಹಗ್ಗ ಹಿಡಿಯಲು ಕಲಿಸಿದ ಮುದುಕ.

"ಗಂಡಸ್ರು ಬಂದಾಯ್ತಲ್ಲಮ್ಮ ಡಾರ್ಕಸ್. ಇನ್ನು ನೀವು ಹೆಂಗಸ್ರು ಆರಾಮಾಗಿ ಕೆಳಗೆ ಕೂತ್ಕೊಂಡು ಕೇಳಿ."

"ಐದೇ ಜನ ಬಂದಿರೋದು ಐಸಾಕಜ್ಜ. ದೊಡ್ಡ ಗಂಟೆ ಯಾರು ಎಳೀತಾರೆ?"

"ನಾನೇ."

"ನಿನ್ನ ಭುಜ?"

"ನನ್ನ ಭುಜದ ಚಿಂತೆ ನಿಂಗ್ಯಾಕೆ? ಹೋಗು, ಹೋಗಿ ಬೆಣ್ಣೆ ತೆಗಿ."

ಗೋಪುರದಲ್ಲಿ ಆರು ಗಂಟೆ, ಆರು ಹಗ್ಗ. ಹುಡುಗರು ಯುದ್ಧಕ್ಕೆಂದು ಫ್ರಾನ್ಸಿಗೆ ಹೋದಾಗ ಹಿಡಿದವರು ನಾವು ಐದು ಹೆಂಗಸರು ಮತ್ತು ಈ ಐಸಾಕ್. ಆರನೆಯದು, ದೊಡ್ಡದು, ನನ್ನ ಅಣ್ಣ ರೂಬೆನ್‌ನದು. ಅವನು ಹಿಂದಿರುಗಲಿಲ್ಲ. ಅವನ ಹಗ್ಗ ನನ್ನ ಕೈಗೆ ಬಂತು — ಚೀಸು ಎತ್ತಿ ಗಟ್ಟಿಯಾದ ತೋಳು, ತಡೆಯಿತು. ಈಗ ಹೊಳೆ ದಾಟಿತಲ್ಲ, ಅಂಬಿಗನ ಹಂಗೇನು!

ಅಕ್ಟೋಬರ್ ೮

ನನ್ನ ಜೊತೆ ಗಂಟೆ ಎಳೆದ ಹೆಟ್ಟಿ ಬಂದಿದ್ದಳು. ಟಪಾಲು ಹಂಚುತ್ತ ಬಡಗಿಯ ಅಂಗಡಿಗೆ ಹೋಗಿದ್ದಳಂತೆ. ಅಲ್ಲಿ ಓಕ್ ಹಲಗೆಯ ಬೋರ್ಡ್ ಸಿದ್ಧವಾಗಿದೆ. ಹೋಲ್ಟ್‌ಕಂಬ್ ಚರ್ಚಿನ ಏಳುನೂರು ವರ್ಷದ ಚರಿತ್ರೆ, ಕೆಳಗೆ ಯುದ್ಧದಲ್ಲಿ ಸತ್ತವರ ಹೆಸರು. ಬರೆದದ್ದು ಪಾದ್ರಿ ಥಾರ್ನ್. ನವೆಂಬರ್ ಎರಡಕ್ಕೆ ಪರದೆ ಸರಿಸುವುದು.

"ಕೂತ್ಕೊಂಡು ಕೇಳೇ," ಅಂದಳು. ಬೋರ್ಡಿನ ಆ ಸಾಲನ್ನು ನಿಂತೇ ಕೇಳಿದೆ.

'ಯುದ್ಧದ ವರ್ಷಗಳಲ್ಲಿ, ಗಂಟೆ ಬಾರಿಸುವವರೆಲ್ಲ ರಣರಂಗದಲ್ಲಿದ್ದ ಕಾರಣ, ಈ ಗೋಪುರ ಮೌನವಾಗಿತ್ತು.'

ಮೌನವಂತೆ! ಪ್ರತಿ ಭಾನುವಾರ, ಮಂಜಿನಲ್ಲಿ, ಬೆರಳು ಸೆಟೆದುಹೋಗುವ ಚಳಿಯಲ್ಲಿ ಎಳೆದೆವಲ್ಲ — ಅದು ಮೌನ! ಪ್ಲೇಗ್ ಬಂದದ್ದು ಬರೆದಿದ್ದಾರೆ. ಸಿಡಿಲು ಬಡಿದದ್ದು ಬರೆದಿದ್ದಾರೆ. ಅಂತರ್ಯುದ್ಧದ ಕಾಲಕ್ಕೆ ಕ್ರಾಮ್‌ವೆಲ್‌ನ ಸಿಪಾಯಿಗಳು ಚರ್ಚಿನೊಳಗೆ ಕುದುರೆ ಕಟ್ಟಿದ್ದನ್ನೂ ಬರೆದಿದ್ದಾರೆ. ಕುದುರೆಗೆ ಜಾಗವಿದೆ, ನಮಗಿಲ್ಲ.

"ನಮ್ಮ ಹೆಸ್ರು ಬೇಡ ಬಿಡು. ಸುಳ್ಳು ಯಾಕೆ ಬರೀಬೇಕು?" ಅಂದಳು ಹೆಟ್ಟಿ.

ನನಗೆ ಹೆಸರೂ ಬೇಕು. ನಾಚಿಕೆಯೇನು ಅದರಲ್ಲಿ. ಬೇಕು.

ಅಕ್ಟೋಬರ್ ೯

ಪಾದ್ರಿಗಳ ಮನೆಗೆ ಹೋದೆ. ಮುಂಬಾಗಿಲಿನಿಂದಲೇ. ಟೀ ಕೊಟ್ಟರು. ಮುಟ್ಟಲಿಲ್ಲ.

"ಬೋರ್ಡಲ್ಲಿ ಜಾಗ ಕಮ್ಮಿ ಡಾರ್ಕಸ್. ಏಳ್ನೂರು ವರ್ಷ ಹಿಡಿಸ್ಬೇಕು ನೋಡು."

"ಮೌನ ಅಂತ ಬರ್ಯೋಕೆ ಜಾಗ ಇತ್ತಲ್ಲ ಪಾದ್ರಿಗಳೇ."

"ಓದಿದವ್ರ ಮನಸ್ಸಿಗೆ ತಟ್ಬೇಕು ಅಂತ... ಇಡೀ ಊರಿನ ದುಃಖ ಅಲ್ವಾ."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ನಿಮ್ಮ ಮಗ ಲಯನೆಲ್ ತೀರ್ಕೊಂಡ ಸುದ್ದಿ ಬಂದಾಗ ನೀವೇ ಮೆಟ್ಲು ಹತ್ತಿ ಬಂದ್ರಿ. ಗಂಟೆ ನಾಲಿಗೆಗೆ ಒಂದು ಕಡೆ ಚರ್ಮ ಕಟ್ಟಿ ಬಾರ್ಸಿ ಅಂದ್ರಿ. ಒಂದೇಟು ಜೋರು, ಒಂದೇಟು ಮೆಲ್ಲಗೆ. ಕತ್ತಲಾಗೋವರೆಗೂ ಎಳೆದ್ವಿ. ಕೈ ಸುಲ್ದು ರಕ್ತ ಬಂತು. ಯಾರು ಬಾರ್ಸಿದ್ದು ಅದನ್ನ? ದೆವ್ವಾನಾ?"

ನಾನು ಮುಟ್ಟದ ಟೀ ಬಟ್ಟಲನ್ನು ತಮ್ಮ ಕಡೆಗೆ ಸರಿಸಿಕೊಂಡರು. ಆಮೇಲೆ — "ಆವತ್ತು ನಂಗೇನೂ ಕೇಳಿಸ್ಲಿಲ್ಲ ಡಾರ್ಕಸ್."

ಎದ್ದು ಬಂದೆ. ದಾರಿಯಲ್ಲಿ ಅಯ್ಯೋ ಪಾಪ ಅನಿಸಿತು. ಸುಳ್ಳೇಕೆ ಹೇಳಲಿ, ಅನಿಸಿತು. ಆದರೆ ಅವರ ಕಿವಿಗೆ ಬೀಳದ್ದೆಲ್ಲ ಊರಲ್ಲಿ ನಡೆದೇ ಇಲ್ಲವೇ? ಮನೆ ಸೇರುವಷ್ಟರಲ್ಲಿ ಸಿಟ್ಟು ಮತ್ತೆ ನೆತ್ತಿಗೇರಿತ್ತು.

ಅಕ್ಟೋಬರ್ ೨೯

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ಇವತ್ತು ಅಭ್ಯಾಸದಲ್ಲಿ ಐಸಾಕ್‌ನ ಭುಜ ಕಳಚಿತಂತೆ. ದೊಡ್ಡ ಗಂಟೆ ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ಅಮ್ಮ ಲೊಚಗುಟ್ಟಿದಳು. ನಾನು ಲೊಚಗುಟ್ಟಲಿಲ್ಲ. ಸೂಪ್ ಮಾತ್ರ ಕಳಿಸಿದೆ.

ಅಕ್ಟೋಬರ್ ೩೧

ಪಾದ್ರಿ ನಾನು ಕೆಲಸ ಮಾಡುವ ಹಾಲಿನ ಡೈರಿಗೇ ಬಂದರು. ಬೂಟಿಗೆಲ್ಲ ಹಾಲಿನ ನೀರು. ಒರೆಸಲು ಬಟ್ಟೆ ಕೊಡಲಿಲ್ಲ ನಾನು.

"ಭಾನುವಾರ ಒಂದಿನ ಮಾತ್ರ ದೊಡ್ಡ ಗಂಟೆ ಹಿಡೀತೀಯಾ? ಬೇರೆ ಯಾರ ಕೈಲೂ ಆಗಲ್ಲ."

"ಹೆಟ್ಟಿನ ಕೇಳಿ."

"ಆ ಹಗ್ಗ ಅವಳನ್ನ ಸೂರಿಗೇ ಎತ್ಕೊಂಡು ಹೋಗುತ್ತೆ. ನಿಂಗೆ ಗೊತ್ತಿಲ್ವಾ?"

"ಬೋರ್ಡಲ್ಲಿ ಆ ಸಾಲು?"

"ಬಣ್ಣ ಒಣಗಿಹೋಗಿದೆ, ಈಗ ಹ್ಯಾಗೆ ಅಳ್ಸೋದು? ನಿಮ್ಮಣ್ಣನ ಹೆಸ್ರೂ ಇದೆಯಮ್ಮ ಅದ್ರಲ್ಲಿ. ಅವನಿಗೋಸ್ಕರ ಆದ್ರೂ..."

ರೂಬೆನ್‌ನನ್ನು ಮುಂದೆ ತಂದರು. ಅದನ್ನು ಕ್ಷಮಿಸಲಾರೆ.

"ನನ್ನ ಕೈಲಾಗಲ್ಲ ಪಾದ್ರಿಗಳೇ. ಯುದ್ಧ ನಡೆದಷ್ಟು ದಿನಾನೂ ಗೋಪುರ ಮೌನವಾಗಿತ್ತು ಅಂತ ನೀವೇ ಬರ್ದಿದ್ದೀರಿ. ಗಂಟೆ ಎಳೆಯೋದನ್ನ ನಾನು ಎಲ್ಲಿ ಕಲ್ತಿರ್ತೀನಿ ಹೇಳಿ?"

ಟೊಪ್ಪಿ ಹಾಕಿಕೊಂಡು ಹೋದರು.

ನವೆಂಬರ್ ೧

ಅಮ್ಮ ಕೊನೆಗೂ ಬಾಯಿ ಬಿಟ್ಟಳು.

"ಅವನ ಹೆಸ್ರು ಓದಿದ್ಮೇಲೆ ದೊಡ್ಡ ಗಂಟೆ ಕೇಳ್ಬೇಕು ಕಣೇ ನಂಗೆ. ಆ ಬೋರ್ಡಿಗಿಷ್ಟು ಬೆಂಕಿ ಹಾಕ. ನಂಗೆ ಓದೋಕೂ ಬರಲ್ಲ."

"ಮುಂದೆ ಬರೋರಿಗೆ ಬರುತ್ತಮ್ಮ."

"ಮುಂದೆ ಬರೋರು ನಿನ್ನ ಒಡಹುಟ್ಟಿದೋರಾ?"

 ಬಾಗಿಲು ಬಡಿದುಕೊಂಡು ಹೊರಗೆ ಹೋದೆ. ಅಮ್ಮನ ಮೇಲೂ ಸಿಟ್ಟು. ಸತ್ತ ಅಣ್ಣನ ಮೇಲೂ.

ನವೆಂಬರ್ ೨, ಭಾನುವಾರ. ಬೆಳಿಗ್ಗೆ

ಅಮ್ಮ ಕಪ್ಪು ಉಡುಪು ತೊಟ್ಟು ಒಬ್ಬಳೇ ಚರ್ಚಿಗೆ ಹೋದಳು. ತಿರುಗಿ ನೋಡಲಿಲ್ಲ. ನಾನು ಅಡುಗೆಮನೆಯಲ್ಲಿ. ಹೆಟ್ಟಿ ಬಂದು ಎದುರಿಗೆ ಕೂತಿದ್ದಾಳೆ, ಆಲೂಗಡ್ಡೆ ಸುಲಿಯುತ್ತಿದ್ದಾಳೆ. ನಾನು ಸುಮ್ಮನೆ ಗೀಚುತ್ತಿದ್ದೇನೆ.

ಹೆಸರು ಓದಿ ಮುಗಿಯಿತೆಂದು ಕಾಣುತ್ತದೆ. ಶುರುವಾಯಿತು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ದೊಡ್ಡ ಗಂಟೆಯ ಜಾಗ ಖಾಲಿ. ಮತ್ತೆ ಐದು. ಮತ್ತೆ ಖಾಲಿ. ಕೇಳಿಸಿಕೊಳ್ಳಲಿ. ಊರಿಗೆ ಊರೇ ಕೇಳಿಸಿಕೊಳ್ಳಲಿ.

"ಎಲ್ರಿಗೂ ಗೊತ್ತಾಗ್ತಿದೆ ಕಣೇ ಈಗ, ಯಾರಿಲ್ಲ ಅಂತ!" ಹೆಟ್ಟಿಗೆ ನಗು. ನನಗೂ ಬರಬೇಕಿತ್ತು.

ಗೆದ್ದೆ. ಗೆದ್ದೆ ಎಂದು ಬರೆಯುತ್ತಿದ್ದೇನೆ. ಪ್ರತಿ ಸಲ ಐದಾದ ಮೇಲೆ ಎರಡೂ ಕೈ ಪೆನ್ನು ಬಿಟ್ಟು, ಹಗ್ಗ ಹಿಡಿಯುವ ಹಾಗೆ, ತಾವಾಗಿಯೇ ಮೇಲಕ್ಕೆ ಹೋಗುತ್ತಿವೆ. ಹೆಟ್ಟಿ ನಗು ನಿಲ್ಲಿಸಿ ನೋಡುತ್ತಿದ್ದಾಳೆ. ರೂಬೆನ್, ಅಲ್ಲಿ ಅಮ್ಮ ಇನ್ನೂ ಕಾಯುತ್ತ ಕೂತಿದ್ದಾಳೆ ಕಣೋ, ನಾನು ಇಲ್ಲಿ —