ಬಿಗಿಯಾದ ತ್ರಿಕೋನ

ಶನಿವಾರ, ಮಧ್ಯಾಹ್ನ
ಶಾಲೆಯಿಂದ

ಚಿಣ್ಣಿಯ ಅಪ್ಪನಿಗೆ,

ನಮಸ್ಕಾರ ಎಂದು ಬರೆದರೆ ಯಾರೋ ಹೊರಗಿನವಳು ಬರೆದಂತಿರುತ್ತದೆ, ಇನ್ನೇನಾದರೂ ಬರೆದರೆ ನಾನು ಸೋತಂತಾಗುತ್ತದೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾವು ಚೆನ್ನಾಗಿದ್ದೇವೆ. ಅಂದರೆ, ಹೇಗೋ ನಡೆಯುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನು ಊಟ ಆಯ್ತಾ ಎಂದು ಶುರುವಾಗಿ ಜಗಳಕ್ಕೇ ಹೋಗಿ ನಿಲ್ಲುತ್ತದೆ, ನನಗೀಗ ಜಗಳಕ್ಕೂ ತ್ರಾಣವಿಲ್ಲ. ಮಕ್ಕಳೆಲ್ಲ ಹೋಗಿಯಾಯಿತು. ಅವರ ಪುಟ್ಟ ಕುರ್ಚಿಯಲ್ಲೇ ಮಂಡಿ ಮಡಚಿ ಕೂತು ಬರೆಯುತ್ತಿದ್ದೇನೆ. ಎದ್ದು ನನ್ನ ಕುರ್ಚಿಗೆ ಹೋಗಲೂ ಬೇಜಾರು. ಚಿಣ್ಣಿ ಮೂಲೆಯ ಚಾಪೆಯ ಮೇಲೆ ಮಲಗಿದ್ದಾಳೆ.

ನೀವು ಮಾಡಿ ಕಳಿಸಿದ ಹಲಗೆಯನ್ನು ನಿಮ್ಮ ತಮ್ಮ ತಂದುಕೊಟ್ಟ. ವೃತ್ತ, ಚೌಕ, ತ್ರಿಕೋನ, ಒಂದೊಂದಕ್ಕೂ ಹಲಗೆಯಲ್ಲಿ ಅದರದೇ ಗುಳಿ, ಎತ್ತಲು ಪುಟ್ಟ ಹಿಡಿಕೆ. ಸುಳ್ಳೇಕೆ ಹೇಳಲಿ, ನೋಡಲು ಎರಡು ಕಣ್ಣು ಸಾಲದು. ನಾನು ಕೇಳಿದ್ದು ಮಕ್ಕಳ ಕೈಗೆ ಒಂದು ಆಟದ ಸಾಮಾನು, ನೀವು ಮಾಡಿದ್ದು ಬಡಗಿಗಳ ಪರೀಕ್ಷೆಗೆ ಇಡುವಂಥದ್ದು. ತುಂಡು ಗುಳಿಯಲ್ಲಿ ಕೂತರೆ ನಡುವೆ ಕೂದಲೂ ತೂರುವುದಿಲ್ಲ.

ತೊಂದರೆಯಾದದ್ದೂ ಅದರಿಂದಲೇ. ಮೊದಲ ದಿನ ಒಬ್ಬ ಪೋರ ವೃತ್ತವನ್ನು ಗುದ್ದಿ ಗುದ್ದಿ ಒಳಗೆ ಕೂರಿಸಿದ, ಆಮೇಲೆ ಅದು ಹೊರಗೆ ಬರಲಿಲ್ಲ. ಆಯಾ ಚಮಚದ ಹಿಡಿಯಿಂದ ಮೀಟಿ ತೆಗೆದು, ಇದೇನು ಬೀಗಾನಾ ಆಟದ ಸಾಮಾನಾ ಅಂತ ನಕ್ಕಳು. ಮೋಡ ಕವಿದ ದಿನ ಮರ ಇಷ್ಟೇ ಇಷ್ಟು ಉಬ್ಬಿದರೂ ಸಾಕು, ನನ್ನ ಕೈಗೇ ಆಗುವುದಿಲ್ಲ. ಅಂಚಿಗೆ ಸೋಪು ಸವರಿ ನೋಡಿದೆ. ಗುಳಿಯ ತುಂಬ ಸೋಪಾಯಿತು, ಅಷ್ಟೇ.

ಈ ಹಲಗೆ ಯಾಕೆ ಬೇಕಿತ್ತು ಎಂದು ನೀವು ಕೇಳಿರಲಿಲ್ಲ. ಕೇಳದೆ ಮಾಡಿಕೊಟ್ಟಿರಿ, ಅದು ನಿಮ್ಮ ಒಳ್ಳೆಯತನ. ಈಗ ಹೇಳುತ್ತೇನೆ. ವೃತ್ತವನ್ನು ಹೇಗೆ ಹಿಡಿದರೂ ಕೂರುತ್ತದೆ. ಚೌಕವನ್ನು ಸ್ವಲ್ಪ ತಿರುಗಿಸಬೇಕು. ತ್ರಿಕೋನಕ್ಕೆ ಮೂಲೆ ಹುಡುಕಬೇಕು, ಮಣಿಕಟ್ಟು ಹೊರಳಿಸಬೇಕು, ಮೆಲ್ಲಗೆ ಇಳಿಸಬೇಕು. ಆಡುತ್ತಾ ಆಡುತ್ತಾ ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಾಳೆ ಪೆನ್ಸಿಲ್ ಹಿಡಿಯುವುದೂ ಅಂಗಿಯ ಗುಂಡಿ ಹಾಕುವುದೂ ಅವೇ ಬೆರಳು. ತುಂಡು ಎತ್ತಿದ ಮೇಲೆ ಖಾಲಿ ಗುಳಿಯ ಅಂಚಿನಲ್ಲಿ ಬೆರಳಾಡಿಸಿ, ಆಮೇಲೆ ಸೀಮೆಸುಣ್ಣದಲ್ಲಿ ಅದನ್ನೇ ಬರೆಯುತ್ತಾರೆ.

ಚಿಣ್ಣಿಗೆ ಇದಾವುದೂ ಇನ್ನೂ ಬಂದಿಲ್ಲ. ದೊಡ್ಡ ಟೀಚರ್ ನನ್ನನ್ನು ಕರೆದು, ಅವಳನ್ನು ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಇಟ್ಟುಕೊಳ್ಳೋಣ್ವಾ ಅಂತ ಕೇಳಿದರು. ಕೇಳಿದ್ದು ಹೆಸರಿಗೆ ಮಾತ್ರ. ನಾನು ರಜೆಯವರೆಗೆ ಸಮಯ ಬೇಡಿಕೊಂಡೆ. ಅಷ್ಟರಲ್ಲಿ ಒಂದು ತ್ರಿಕೋನ ಬರೆದು, ಗೆರೆಯ ಮೇಲೆ ಕತ್ತರಿ ಆಡಿಸಿ, ತನ್ನ ಗುಂಡಿ ತಾನೇ ಹಾಕಿಕೊಂಡರೆ ಗೆಳತಿಯರ ಜೊತೆ ಮೇಲಿನ ತರಗತಿಗೆ ಹೋಗುತ್ತಾಳೆ. ಇಲ್ಲದಿದ್ದರೆ ಅವರೆಲ್ಲ ಪಕ್ಕದ ಕೋಣೆಗೆ ಹೋಗುವುದನ್ನು ಇವಳು ನನ್ನ ಸೆರಗು ಹಿಡಿದು ನೋಡಬೇಕು.

ಅವಳ ಗುಂಡಿ ಹಾಕಿ, ಬೂಟು ಕಟ್ಟಿ, ತುತ್ತು ಕಲಸಿ ಬಾಯಿಗಿಟ್ಟು ಕೈ ಮೆತ್ತಗೆ ಮಾಡಿದಿರಿ ಎಂದು ನಾನು ಅಂದೆ. ಮನೆಯಲ್ಲೂ ನೀನು ಟೀಚರೇ, ಮಗುಗೆ ಅಮ್ಮ ಬೇಡ್ವಾ ಅಂತ ನೀವಂದಿರಿ. ಮಾತಿಗೆ ಮಾತು ಬೆಳೆದು ನೀವು ಹಾಸಿಗೆ ಸುತ್ತಿಕೊಂಡು ನಿಮ್ಮ ಮರಗೆಲಸದ ಶೆಡ್ಡಿಗೆ ಹೋದಿರಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂದು ಬೇರೆಯವರ ಮನೆ ನೋಡಿ ಎಷ್ಟು ಸಲ ಆಡಿಕೊಂಡಿದ್ದೇನೋ. ನಿನ್ನೆ ಬೆಳಿಗ್ಗೆ ಹೊತ್ತಾಗಿಬಿಟ್ಟಿತ್ತು, ಅವಳು ಮೊದಲ ಗುಂಡಿಯಲ್ಲೇ ತಡವರಿಸುತ್ತಿದ್ದಳು. ನಾನೇ ಸರಸರ ಹಾಕಿ ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ನಿಮ್ಮ ಮುಖವೇ ಕಣ್ಣ ಮುಂದಿತ್ತು.

ಈಗ ಬರೆಯಲೇಬೇಕಾದದ್ದು. ಹಲಗೆ ಬಂದ ದಿನ ಚಿಣ್ಣಿ ಎಲ್ಲರಿಗೂ ಇದು ನಮ್ಮಪ್ಪ ಮಾಡಿದ್ದು ಅಂತ ಹೇಳಿಕೊಂಡು ತಿರುಗಿದಳು. ಮಾರನೆಯ ದಿನ ಅವಳ ಸರದಿ ಬಂತು. ತ್ರಿಕೋನವನ್ನು ಸರಿಯಾಗಿಯೇ ತಿರುಗಿಸಿದಳು, ಮೂಲೆಗೆ ಮೂಲೆ ಸರಿಯಾಗಿಯೇ ಹೊಂದಿಸಿದಳು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅದು ಇಳಿಯಲಿಲ್ಲ. ಒತ್ತಿದಳು, ಬೆರಳ ತುದಿ ಬಿಳಿಚಿಕೊಳ್ಳುವ ಹಾಗೆ ಒತ್ತಿದಳು. ಪಕ್ಕದ ಹುಡುಗಿ, ನಿಮ್ಮಪ್ಪ ತಪ್ಪು ಮಾಡಿದಾರೆ ಅಂದಳು. ಚಿಣ್ಣಿ ಅಳಲಿಲ್ಲ. ನಮ್ಮಪ್ಪ ಸರಿಯಾಗೇ ಮಾಡಿದಾರೆ, ನನ್ ಕೈಯೇ ಸರಿ ಇಲ್ಲ ಅಂದಳು.

ನಾನು ಬಣ್ಣದ ಲೋಟ ತೊಳೆಯುವ ನೆಪ ಮಾಡಿ ನಲ್ಲಿಯ ಹತ್ತಿರ ಹೋದೆ. ಅಲ್ಲಿ ನಿಂತು ಅತ್ತುಬಿಟ್ಟೆ. ಇಷ್ಟು ದಿನ ಆ ಕೈ ಸರಿಯಿಲ್ಲ ಎಂದು ಮನೆಯಲ್ಲಿ ಕೂಗಾಡಿದ್ದು ನಾವಿಬ್ಬರೂ ತಾನೇ, ಅವಳು ಕೇಳಿಸಿಕೊಂಡಿದ್ದಾಳೆ. ಅಂದಿನಿಂದ ಅವಳು ಹಲಗೆಯ ಹತ್ತಿರ ಬಂದಿಲ್ಲ. ಕತ್ತರಿ ಕೊಟ್ಟರೂ ಕೈ ಬೆನ್ನ ಹಿಂದೆ ಹೋಗುತ್ತದೆ.

ಅವಳ ಕೈ ಸರಿಯಿದೆ. ನಿಮ್ಮ ಅಳತೆ ಬಿಗಿ. ದಯವಿಟ್ಟು ಸುತ್ತಲೂ ಒಂದು ರಟ್ಟಿನ ದಪ್ಪದಷ್ಟು ಜಾಗ ಬಿಡಿ, ಮೂಲೆಗಳನ್ನು ಸ್ವಲ್ಪ ಮೊಂಡು ಮಾಡಿ. ಸಡಿಲ ಬಿಟ್ಟರೆ ಕಸುಬಿಗೆ ಅವಮಾನ ಎನ್ನುತ್ತೀರಿ, ಗೊತ್ತು. ಎಳೆಯ ಕೈ ಕಲಿಯುವುದು ಆ ಸಡಿಲದಲ್ಲೇ. ಹಲಗೆ, ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಸೋಮವಾರ ನಿಮ್ಮ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನ ಕೈಯಲ್ಲೇ ವಾಪಸು ಕಳಿಸಿ. ನೀವು ಕೆಲಸ ಬಿಟ್ಟು ಬರುವ ಅಗತ್ಯವೇನೂ ಇಲ್ಲ. ಚಿಣ್ಣಿ ಏಳುತ್ತಿದ್ದಾಳೆ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ಚಿಣ್ಣಿಯ ಅಮ್ಮ

ವಿ.ಸೂ.: ಪೆಟ್ಟಿಗೆ ಬಿಚ್ಚಿದರೆ ಅದರಲ್ಲಿ ತ್ರಿಕೋನ ಇರುವುದಿಲ್ಲ. ಚಿಣ್ಣಿ ಬಚ್ಚಿಟ್ಟುಕೊಂಡಳು ಎಂದು ಬರೆಯೋಣ ಅಂದುಕೊಂಡಿದ್ದೆ. ಅವಳಲ್ಲ, ತೆಗೆದಿಟ್ಟವಳು ನಾನು. ಬೇರೆ ಮಾಡಿ ಕಳಿಸಬೇಡಿ. ಮರ ಉಜ್ಜುವ ಕಾಗದ ತೆಗೆದುಕೊಂಡು ಬನ್ನಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಜ್ಜಿ. ಅಳತೆಯಲ್ಲಿ ತಪ್ಪು ತನ್ನದು ಎಂದು ಅವಳಿಗೆ ಅವಳಪ್ಪನೇ ಹೇಳಬೇಕು, ನಾನು ಹೇಳಿದರೆ ನಂಬುತ್ತಿಲ್ಲ. ಹಾಸಿಗೆಯನ್ನೂ ಸುತ್ತಿಕೊಂಡೇ ಬನ್ನಿ.