ನಿಧಾನ ಎಂದು ನಾನು ಬರೆದ ಹುಡುಗಿ

ಇಸವಿ ೨೨೧೭, ಹದಿಮೂರನೇ ತಿಂಗಳು, ನಾಲ್ಕನೇ ದಿನ
ಹೊನ್ನಾವರ ಮೇಲೂರು

ಹಿಂದಿನ ಕಾಲದ ಮಾಸ್ತರರಿಗೂ ಅಕ್ಕೋರುಗಳಿಗೂ ಕುಸುಮಾವತಿ ನಾಯ್ಕಳ ನಮಸ್ಕಾರ.

ಹದಿಮೂರನೇ ತಿಂಗಳೆಂದರೆ ನಿಮಗೆ ಬರವಣಿಗೆಯ ತಪ್ಪೆನಿಸಬಹುದು. ನಮ್ಮ ಪಂಚಾಂಗ ಈಗ ಹಾಗೇ ಇದೆ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ಹೊಸವು, ಮನ್ನಿಸಿ ಓದಿ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಕಲಿಸಿದವಳು. ಬರೆಯುತ್ತಿರುವುದು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ.

ನಿಮಗೆ ಗೊತ್ತಿರುವ ಹೊನ್ನಾವರದ ಪೇಟೆಯ ಮೇಲೆ ಈಗ ಸಮುದ್ರವಿದೆ. ಊರು ಗುಡ್ಡ ಹತ್ತಿದೆ, ಅದಕ್ಕೇ ಮೇಲೂರು. ಮಕ್ಕಳು ಶಾಲೆಗೆ ದೋಣಿಯಲ್ಲಿ ಬರುತ್ತಾರೆ. ಹಳೇ ಪೇಟೆಯ ಮಾಳಿಗೆಗಳು ನೀರಿನಿಂದ ತಲೆಯೆತ್ತಿಕೊಂಡಿರುತ್ತವೆ, ಅವುಗಳ ನಡುವೆ ಹಡಗುಗಳಿಗೆ ದಾರಿ ತೋರಿಸುವವರನ್ನು ದಾರಿಗಾರರು ಎನ್ನುತ್ತೇವೆ. ಇಲ್ಲಿ ಅದಕ್ಕಿಂತ ದೊಡ್ಡ ಕೆಲಸವಿಲ್ಲ.

ನಮ್ಮ ಶಾಲೆಗಳಲ್ಲಿ ಅಂಕಗಳಿಲ್ಲ. ಎಪ್ಪತ್ತು ವರ್ಷದ ಹಿಂದೆಯೇ ತೆಗೆದುಹಾಕಿದರು. ಮಗುವನ್ನು ಸಂಖ್ಯೆಯಿಂದ ಅಳೆಯುವುದು ಕ್ರೂರವೆಂದು ನನ್ನ ಅಜ್ಜಿಯ ಕಾಲದವರು ಬೀದಿಗಿಳಿದು ಹೋರಾಡಿದ್ದರು. ಅಂಕದ ಜಾಗಕ್ಕೆ ಸಾಕ್ಷಿಮಾತು ಬಂತು. ವರ್ಷದ ಕೊನೆಗೆ ಪ್ರತಿ ಮಗುವಿನ ಬಗ್ಗೆ ಶಿಕ್ಷಕರು ಒಂದು ವಾಕ್ಯ ಬರೆಯಬೇಕು, ಅಷ್ಟೇ. ಅದು ಮಗುವಿನ ಹೆಸರಿನ ಜೊತೆ ಜೀವಮಾನವಿಡೀ ಇರುತ್ತದೆ. ಕೇಳಲು ಎಷ್ಟು ಸೌಮ್ಯ! ನಾನೂ ಅದನ್ನು ನಂಬಿಯೇ ಈ ಕೆಲಸಕ್ಕೆ ಸೇರಿದ್ದೆ.

ನಾನು ಕಲಿಸುತ್ತಿದ್ದ ನಾಲ್ಕನೇ ತರಗತಿಯಲ್ಲಿ ಶೇವಂತಿ ಅಂಬಿಗ ಎಂಬ ಹುಡುಗಿಯಿದ್ದಳು. ಹತ್ತು ವರ್ಷ, ಸಣಕಲು ಮೈ, ಯಾವಾಗಲೂ ಒದ್ದೆ ಲಂಗ. ಒಂದು ದಿನ ತರಗತಿಯಲ್ಲಿ, ಶರಾವತಿ ಸಮುದ್ರ ಸೇರುವುದು ಎಲ್ಲಿ ಎಂದು ಕೇಳಿದೆ. ಮೂವತ್ತೊಂದು ಮಕ್ಕಳು ಒಟ್ಟಿಗೆ ಕೂಗಿದರು: ‘ಹೊನ್ನಾವರದಲ್ಲಿ!’ ಶೇವಂತಿ ಮಾತ್ರ ಬಾಯಿ ಬಿಡಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

‘ಅಕ್ಕೋರೇ, ಭರತ ಇದ್ದಾಗ ಒಂದ್ ಕಡೆ ಸೇರ್ತದೆ, ಇಳಿತ ಇದ್ದಾಗ ಇನ್ನೊಂದ್ ಕಡೆ. ಯಾವ್ದು ಹೇಳೂದು?’

‘ಪುಸ್ತಕದಲ್ಲಿದ್ದದ್ದು ಹೇಳೇ’ ಎಂದು ನಕ್ಕು ಕಳಿಸಿದೆ.

ಆ ವರ್ಷದ ಸಾಕ್ಷಿಮಾತುಗಳನ್ನು ಒಂದೇ ಮಧ್ಯಾಹ್ನ ಬರೆದು ಮುಗಿಸಿದೆ. ನಾಲ್ಕು ಗಂಟೆಯ ದೋಣಿ ತಪ್ಪಿದರೆ ಮತ್ತೆ ನೀರು ಏರುವವರೆಗೆ ಕಾಯಬೇಕಿತ್ತು. ಶೇವಂತಿಯದು ಕೊನೆಗೆ ಉಳಿದಿತ್ತು. ‘ಉತ್ತರಿಸಲು ನಿಧಾನ, ಒಂಟಿಯಾಗಿ ಮಾಡುವ ಕೆಲಸಕ್ಕೆ ತಕ್ಕವಳು’ ಎಂದು ಬರೆದೆ. ನಿಜ ಹೇಳುತ್ತೇನೆ, ಹೊಗಳಿದೆನೆಂದೇ ಭಾವಿಸಿದ್ದೆ.

ಇಪ್ಪತ್ತೊಂದು ವರ್ಷದ ನಂತರ ಒಬ್ಬ ಹೆಂಗಸು ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂತಳು. ಹೆಸರು ಹೇಳಿದಾಗ ಗುರುತು ಹತ್ತಿತು. ಚಹಾ ಕೊಟ್ಟೆ. ಲೋಟ ಕೆಳಗಿಟ್ಟು ಕೇಳಿದಳು:

‘ನೀವು ನನ್ ಬಗ್ಗೆ ಬರೆದದ್ದು ನೆನಪದ್ಯಾ ಅಕ್ಕೋರೇ?’

ನನಗೆ ನೆನಪಿರಲಿಲ್ಲ. ಅವಳು ಬಾಯಿಪಾಠ ಒಪ್ಪಿಸಿದಳು, ನಡುವಿನ ಅಲ್ಪವಿರಾಮದ ಕಡೆ ಉಸಿರು ನಿಲ್ಲಿಸಿ.

ಐದನೇ ತರಗತಿಯ ಮಾಸ್ತರರು ನನ್ನ ವಾಕ್ಯ ಓದಿಯೇ ಅವಳ ಮುಖ ನೋಡಿದ್ದರು. ಅವರೂ ‘ನಿಧಾನ’ ಎಂದರು. ಆರನೆಯವರು ‘ಬಹಳ ನಿಧಾನ’ ಎಂದರು. ದಾರಿಗಾರರ ತರಬೇತಿಗೆ ಮೂರು ಸಲ ಅರ್ಜಿ ಹಾಕಿದಳು. ತುರ್ತಿಗೆ ಆಗುವವಳಲ್ಲವೆಂದು ಮೂರು ಸಲವೂ ದೋಣಿ ಹತ್ತಿಸದೆಯೇ ಕಳಿಸಿದರು. ಕೊನೆಗೆ ಸಿಕ್ಕಿದ್ದು ಬಂಡೆಯ ಮೇಲಿನ ದೀಪದ ಕಾವಲು. ಅಲ್ಲಿ ಆಗಲೇ ಹನ್ನೊಂದು ವರ್ಷದಿಂದ ಒಬ್ಬಳೇ ಇದ್ದಳು.

‘ಹಿಂದೆ ಅಂಕ ಅಂತ ಇತ್ತಂತೆ’ ಎಂದಳು. ‘ಈ ವರ್ಷ ಕಮ್ಮಿ ಬಂದ್ರೆ ಮುಂದಿನ ವರ್ಷ ಜಾಸ್ತಿ ತಕ್ಕಣ್ಬಹುದಿತ್ತಂತೆ. ಇದಕ್ಕೆ ನಾ ಏನು ಜಾಸ್ತಿ ತಕ್ಕಣ್ಲಿ ಅಕ್ಕೋರೇ?’

ಮರುದಿನವೇ ಸಾಕ್ಷಿಕಚೇರಿಗೆ ಹೋದೆ. ಬರೆದದ್ದನ್ನು ಅಳಿಸುವಂತಿಲ್ಲ ಎಂದರು. ಶಿಕ್ಷಕಿ ತಾನು ನೋಡದೆ ಬರೆದೆನೆಂದು ಒಪ್ಪಿಕೊಂಡರೆ ಮಾತ್ರ ಅದು ರದ್ದಾಗುತ್ತದೆ. ಆದರೆ ಆಗ ಆಕೆ ಅಲ್ಲಿಯವರೆಗೆ ಬರೆದ ಎಲ್ಲ ಮಾತುಗಳೂ ರದ್ದು. ನನ್ನ ಮಾತಿನ ಬಲದ ಮೇಲೆ ಕೆಲಸ ಹಿಡಿದವರು ನೂರಾರು ಮಂದಿ. ವೈದ್ಯರಿದ್ದರು, ದಾರಿಗಾರರೂ ಇದ್ದರು. ಅವರೆಲ್ಲ ಮತ್ತೆ ಬಾಗಿಲು ತಟ್ಟಬೇಕಾಗುತ್ತಿತ್ತು.

ಒಂದು ವಾರ ಯೋಚಿಸಿದೆ. ಆಮೇಲೆ ದೋಣಿ ಮಾಡಿಕೊಂಡು ದೀಪದ ಬಂಡೆಗೆ ಹೋದೆ. ‘ಒಪ್ಪಿಕೊಳ್ಳುತ್ತೇನೆ, ನೀನು ಹೂಂ ಅನ್ನು’ ಎಂದೆ. ಶೇವಂತಿ ಬಹಳ ಹೊತ್ತು ಏನೂ ಹೇಳಲಿಲ್ಲ. ನಾನು ಅವಸರ ಮಾಡಲಿಲ್ಲ.

‘ಬ್ಯಾಡ’ ಎಂದಳು. ‘ಅವ್ರ ಹೊಟ್ಟೆ ಮೇಲೆ ಹೊಡ್ದು ನನ್ಗೆ ಎಂತಾಗ್ಬೇಕು?’

ವಾಪಸು ಬರುವಾಗ ನನ್ನ ಎದೆ ಹಗುರಾಗಿತ್ತು. ಅವಳು ಬೇಡವೆಂದದ್ದು ನನಗೆ ಅಷ್ಟು ಹಿತವಾಯಿತಲ್ಲ, ಅದರ ನಾಚಿಕೆ ಇಂದಿಗೂ ಹೋಗಿಲ್ಲ.

ಸೇವೆಯ ಉಳಿದ ವರ್ಷಗಳಲ್ಲಿ ಮಗು ಇಂಥವನು, ಇಂಥವಳು ಎಂದು ನಾನು ಬರೆಯಲಿಲ್ಲ. ‘ಇಂಥ ದಿನ ಈ ಲೆಕ್ಕ ಬಿಡಿಸಿದಳು’ ಎಂದು ಕಣ್ಣಾರೆ ಕಂಡದ್ದನ್ನಷ್ಟೇ ಬರೆದೆ. ಅದು ಸಾಕ್ಷಿಮಾತೇ ಅಲ್ಲವೆಂದು ಮೇಲಿನವರು ತಿರಸ್ಕರಿಸಿದರು, ನನ್ನನ್ನು ಚಿಕ್ಕ ಮಕ್ಕಳ ಕೋಣೆಗೆ ಹಾಕಿದರು. ಶೇವಂತಿ ಇನ್ನೂ ಬಂಡೆಯ ಮೇಲೇ ಇದ್ದಾಳೆ.

ಅಂಕ ಒಳ್ಳೆಯದೋ ಮಾತು ಒಳ್ಳೆಯದೋ, ನನಗೆ ತಿಳಿಯದು. ಎರಡೂ ನಮ್ಮಂಥವರ ಕೈಯಲ್ಲೇ ಇರುತ್ತವೆ. ನನ್ನದೊಂದೇ ಕೋರಿಕೆ: ನೀವು ಏನೇ ಬರೆಯಿರಿ, ಬರೆದದ್ದನ್ನು ಮೊದಲು ಆ ಮಗುವಿಗೇ ತೋರಿಸಿ. ಅದು ‘ಹಾಗಲ್ಲ’ ಎಂದರೆ ಪೆನ್ನು ಕೆಳಗಿಟ್ಟು ಕೇಳಿ. ಮಕ್ಕಳು ಮಕ್ಕಳಾಗಿರುವಾಗಲೇ ಕೇಳಿ.

ಇನ್ನು ನಾನು ಬರುತ್ತೇನೆ.

ಕುಸುಮಾವತಿ